ಕ್ಷೇತ್ರದ ದಿಕ್ಕು ತಿರುಗಿಸಿ ನೋಡು

ಚಿರಂಜೀವಿ ಸುಮಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಚರ್ಮದ ಕೋಶಗಳನ್ನು ವಿದ್ಯುತ್ ಕ್ಷೇತ್ರದಲ್ಲಿಟ್ಟು ನೋಡುವ ಕೆಲಸ ನಿನ್ನ ಪಾಲಿಗೆ ಬಂದಿದೆ ಎಂದು ಓದಿ ಬಹಳ ಸಂತೋಷವಾಯಿತು. ಶುರು ಮಾಡುವ ಮೊದಲೇ ಕೆಲವು ಮಾತು ಹೇಳಿಬಿಡುತ್ತೇನೆ.

ಚರ್ಮ ಸೋಡಿಯಂ ಅಯಾನುಗಳನ್ನು ಸದಾ ಒಳಕ್ಕೆ ಪಂಪ್ ಮಾಡುತ್ತಿರುತ್ತದೆ. ಹಾಗಾಗಿ ಹೊರಮೈಗಿಂತ ಒಳಗೆ ಧನ ವಿಭವ. ಗಾಯವಾದಲ್ಲಿ ಪ್ರವಾಹ ಹೊರಕ್ಕೆ ಸೋರುತ್ತದೆ, ಗಾಯದ ನಡುಭಾಗ ಕ್ಯಾಥೋಡ್, ಅಂದರೆ ಋಣ ಧ್ರುವ, ಆಗುತ್ತದೆ. ಅಂಚಿನಲ್ಲಿ ಕ್ಷೇತ್ರ ಮಿಲಿಮೀಟರಿಗೆ ಸುಮಾರು 100 ಮಿಲಿವೋಲ್ಟ್. ಚರ್ಮದ ಹೊರಪದರದ ಕೋಶಗಳಾದ ಕೆರಟಿನೊಸೈಟ್‌ಗಳು ಕ್ಯಾಥೋಡ್ ಕಡೆಗೆ, ಅಂದರೆ ಗಾಯ ಮುಚ್ಚುವ ಕಡೆಗೇ ತೆವಳುತ್ತವೆ. ಎಲ್ಲ ಕೋಶವೂ ಹಾಗಲ್ಲ. ಹೊಕ್ಕುಳಬಳ್ಳಿಯ ರಕ್ತನಾಳದ ಒಳಪದರದ ಕೋಶಗಳು ಆನೋಡ್, ಅಂದರೆ ಧನ ಧ್ರುವದ ಕಡೆಗೆ ಹೋಗುತ್ತವೆ.

ಕೋಶಗಳನ್ನಿಡುವ ಚೇಂಬರ್ ತೆಳ್ಳಗಿರಲಿ, ಎತ್ತರ 0.2 ಮಿಲಿಮೀಟರ್ ಸಾಕು. ಎತ್ತರ ಹೆಚ್ಚಿದಷ್ಟೂ ಪ್ರವಾಹ ಹೆಚ್ಚು, ಕಾವೂ ಹೆಚ್ಚು. ಕ್ಷೇತ್ರ ದುಪ್ಪಟ್ಟಾದರೆ ಕಾವು ನಾಲ್ಕು ಪಟ್ಟು. ಬೆಳ್ಳಿ ಎಲೆಕ್ಟ್ರೋಡನ್ನು ನೇರವಾಗಿ ಮಾಧ್ಯಮದಲ್ಲಿ (ಕೋಶಗಳಿರುವ ಪೋಷಕ ದ್ರವದಲ್ಲಿ) ಅದ್ದಬೇಡ, ಬೆಳ್ಳಿಯ ಅಯಾನು ಕೋಶಗಳಿಗೆ ವಿಷ. ಸ್ಟೈನ್‌ಬರ್ಗ್ ಎಂಬ ಲವಣ ದ್ರಾವಣದಲ್ಲಿ 2% ಅಗರ್ ಕರಗಿಸಿ, ಯು ಆಕಾರದ ಗಾಜಿನ ಕೊಳವೆಗೆ ತುಂಬಿ, ಎಲೆಕ್ಟ್ರೋಡಿನ ಕಡೆಯಿಂದ ಚೇಂಬರಿಗೆ ಪ್ರವಾಹ ಒಯ್ಯುವ ಸೇತುವೆ ಮಾಡಿಕೋ. ಒಳಗೆ ಒಂದು ಗುಳ್ಳೆ ಉಳಿದರೂ ಪ್ರವಾಹ ಕಡಿದುಹೋಗಬಹುದು.

ಹೆಚ್ಚಿನವರು ಎಡವುವುದು ಅಳತೆಯಲ್ಲಿ. ಪವರ್ ಸಪ್ಲೈ ತೋರಿಸುವ ಅಂಕಿ ನಿನಗೆ ಬೇಕಾದದ್ದಲ್ಲ, ಅದರ ಬಹುಪಾಲು ಸೇತುವೆಗಳಲ್ಲೇ ಕಳೆದಿರುತ್ತದೆ. ಮಲ್ಟಿಮೀಟರನ್ನು ಚೇಂಬರಿನ ಎರಡು ತುದಿಗೇ ಹಿಡಿ. ಮಿಲಿಮೀಟರಿಗೆ 100 ಮಿಲಿವೋಲ್ಟಿನಂತೆ, ಉದ್ದ 20 ಮಿಲಿಮೀಟರ್ ಇದ್ದರೆ 2 ವೋಲ್ಟ್ ಬರಬೇಕು. ಮಾಧ್ಯಮ ಆವಿಯಾದಂತೆ ಅದು ಜಾರುತ್ತದೆ, ಗಂಟೆಗೊಮ್ಮೆ ನೋಡಿ ಸರಿಪಡಿಸು.

ಮುಂದೆ ಗೆಲ್ ಮೇಲೂ ಕೋಶ ಬೆಳೆಸುವೆಯಲ್ಲ, ಅಲ್ಲಿ ತೊಡಕು ಹೆಚ್ಚು. ಗೆಲ್ ಆಗುವ ಅಕ್ರಿಲಮೈಡ್ 5% ಇದ್ದು, ಅದರ ಎಳೆಗಳನ್ನು ಹೆಣೆಯುವ ಬಿಸ್ (ಬಿಸ್‌ಅಕ್ರಿಲಮೈಡ್) 0.15% ಸೇರಿಸಿದರೆ ಸುಮಾರು 4.5 ಕಿಲೋಪ್ಯಾಸ್ಕಲ್ ಗಡಸು. 10% ಮತ್ತು 0.3% ಆದರೆ 35ರ ಹತ್ತಿರ. ಆಮ್ಲಜನಕ ಗೆಲ್ ಕಟ್ಟುವುದನ್ನು ತಡೆಯುತ್ತದೆ, ಮೊದಲೇ ನಿರ್ವಾತದಲ್ಲಿಟ್ಟು ಗಾಳಿ ತೆಗೆ. ಗೆಲ್ಲಿನೊಳಗೂ ಪ್ರವಾಹ ಹರಿಯುತ್ತದೆ, ಆದ್ದರಿಂದ ಗಾಜಿನ ಮೇಲೆ ಬಳಸಿದ ಮಿಲಿಆಂಪಿಯರ್ ಲೆಕ್ಕ ಇಲ್ಲಿ ನಡೆಯದು, ವೋಲ್ಟನ್ನೇ ನಂಬು. ಇನ್ನೊಂದು ವಿಷಯ: ಅಂಗಾಂಶದ ನಾರು ತಯಾರಿಸುವ ಫೈಬ್ರೊಬ್ಲಾಸ್ಟ್‌ನಂಥ ಕೋಶಗಳು ಮೆತ್ತನೆಯ ಕಡೆಯಿಂದ ಗಟ್ಟಿಯ ಕಡೆಗೆ ತಾವಾಗಿಯೇ ಸರಿಯುತ್ತವೆ. ಗೆಲ್ ಒಂದು ತುದಿಯಲ್ಲಿ ಗಟ್ಟಿಯಾಗಿದ್ದರೆ ಕೋಶಗಳ ಆ ಓಟ ವಿದ್ಯುತ್ತಿನ ಲೆಕ್ಕಕ್ಕೆ ಸೇರಿಬಿಡುತ್ತದೆ. ಎರಡು ತುದಿಯ ಮಾಧ್ಯಮದ ಮಟ್ಟ ಹೆಚ್ಚುಕಡಿಮೆಯಾಗಿ ನೀರು ಹರಿದರೂ ಹಾಗೆಯೇ.

ಅದಕ್ಕೇ ಪ್ರತಿ ಪ್ರಯೋಗದಲ್ಲೂ, ಎರಡು ಗಂಟೆಯ ನಂತರ ಧ್ರುವಗಳನ್ನು ಅದಲುಬದಲು ಮಾಡು. ಕ್ಷೇತ್ರಕ್ಕೆ ಓಗೊಟ್ಟ ಕೋಶ ತಿರುಗುತ್ತದೆ. ಗೆಲ್ಲಿನ ಗಡಸೋ ನೀರಿನ ಹರಿವೋ ಎಳೆದದ್ದು ತಿರುಗುವುದಿಲ್ಲ. ಕ್ಷೇತ್ರವಿಲ್ಲದ ಒಂದು ಚೇಂಬರೂ ಪಕ್ಕದಲ್ಲಿರಲಿ. ಪ್ರತಿ ಕೋಶದ ದಾರಿ ಕ್ಷೇತ್ರದೊಂದಿಗೆ ಮಾಡುವ ಕೋನದ ಕೊಸೈನ್ ತೆಗೆದು ಸರಾಸರಿ ಬರೆದಿಡು: ಎಲ್ಲವೂ ಕ್ಯಾಥೋಡ್‌ಗೆ ನೇರ ಹೋದರೆ 1, ದಿಕ್ಕೆಟ್ಟು ಅಲೆದರೆ 0. ತಿರುಗಿಸಿದ ಮೇಲೂ ಕೋಶಗಳು ಹಳೆಯ ದಿಕ್ಕಿಗೇ ಹೋಗುತ್ತಿದ್ದರೆ ಆ ದಿನದ ಅಂಕಿಯನ್ನು ಬಿಡು, ಎಷ್ಟೇ ಚೆನ್ನಾಗಿ ಕಂಡರೂ. ಕೋಶಗಳು ಯಾವ ಕಡೆಗೂ ವಾಲದಿದ್ದರೆ ಮಾಧ್ಯಮದಲ್ಲಿ ಕ್ಯಾಲ್ಸಿಯಂ ಮತ್ತು ಬೆಳವಣಿಗೆಯ ಅಂಶಗಳು ಇವೆಯೇ ನೋಡು. ಅವಿಲ್ಲದೆ ಕೆರಟಿನೊಸೈಟ್‌ಗೆ ದಿಕ್ಕು ತಿಳಿಯದು.

ಗೆಲ್ ಕಟ್ಟದ ಅಕ್ರಿಲಮೈಡ್ ನರಗಳಿಗೆ ವಿಷ, ಚರ್ಮದ ಮೂಲಕವೂ ಒಳಗಿಳಿಯುತ್ತದೆ. ಅವಸರವಿದ್ದ ದಿನವೂ ಗ್ಲೌಸ್ ಬಿಡಬೇಡ ತಾಯಿ.

ಇಂತು,
ನಿನ್ನ ದೊಡ್ಡಪ್ಪ