ಸದಸ್ಯರ ಗಮನಕ್ಕೆ: ಸಂದೇಶಗಳನ್ನು ಅಳಿಸುವ ಬಗ್ಗೆ

ಮಾನ್ಯ ಸದಸ್ಯರೇ,

ಮೂಡಿಗೆರೆ, ಸಕಲೇಶಪುರ ಕಡೆಯ ಬೆಳೆಗಾರರಾದ ನಾವು ಈ ವಾಟ್ಸ್‌ಆ್ಯಪ್ ಗುಂಪನ್ನು ಕಟ್ಟಿಕೊಂಡದ್ದು ಕಾಫಿ, ಮೆಣಸು, ಮಳೆ ಮತ್ತು ಆನೆಗಳ ಓಡಾಟದ ವಿಚಾರವಾಗಿ. ಕಳೆದ ವಾರ ರಾತ್ರಿ ಸದಸ್ಯರೊಬ್ಬರು ತಮ್ಮ ತೋಟದ ಕೆಳಗಿನ ರಸ್ತೆಗೆ ಆನೆ ಇಳಿದಿದೆ ಎಂದು ಬರೆದರು. ಅದರ ಮೇಲೆ ಶುಭರಾತ್ರಿಯ ಚಿತ್ರಗಳೂ ರಾಜಕೀಯದ ಜಗಳವೂ ಬಂದು ಬಿದ್ದು, ಬೆಳಿಗ್ಗೆ ಕಾರ್ಮಿಕರನ್ನು ಎಚ್ಚರಿಸಬೇಕಾದವರ ಕಣ್ಣಿಗೆ ಆ ಒಂದು ಸಾಲು ಬೀಳಲೇ ಇಲ್ಲ. ಯಾರಿಗೂ ಏನೂ ಆಗಲಿಲ್ಲವೆಂಬುದು ನಮ್ಮ ಪುಣ್ಯ.

ಆದ್ದರಿಂದ ಇನ್ನು ಮುಂದೆ ವಿಷಯಕ್ಕೆ ಸಂಬಂಧಿಸದ ಸಂದೇಶಗಳನ್ನು ಅಡ್ಮಿನ್‌ಗಳಾದ ನಾವು ಅಳಿಸುತ್ತೇವೆ. ವಾಟ್ಸ್‌ಆ್ಯಪ್‌ನಲ್ಲಿ 2022ರಿಂದ ಈ ಅವಕಾಶವಿದ್ದು, ಅಳಿಸಿದವರು ಯಾರೆಂಬುದು ಎಲ್ಲರಿಗೂ ಕಾಣುತ್ತದೆ. ಹಾಗೆ ಕಾಣುವುದೇ ಒಳ್ಳೆಯದು, ಏಕೆಂದರೆ ಮರೆಯಲ್ಲಿ ನಡೆಯುವ ನಿರ್ವಹಣೆಯನ್ನು ಯಾರೂ ನಂಬುವುದಿಲ್ಲ. ಕಾರಣವನ್ನು ಆ ಸದಸ್ಯರಿಗೆ ಖಾಸಗಿಯಾಗಿ ತಿಳಿಸುತ್ತೇವೆ.

ಜೋಡಿ ಬಾಣದ ಗುರುತಿರುವ ಸಂದೇಶವೆಂದರೆ ಅದು ಫಾರ್ವರ್ಡ್ ಆಗುತ್ತಾ ಕನಿಷ್ಠ 5 ಕೈ ದಾಟಿ ಬಂದದ್ದು. ಉದಾಹರಣೆಗೆ, ಕಾಫಿಯ ಎಲೆ, ಕಾಯಿ ಕೊಳೆಯುವ ಕೊಳೆರೋಗಕ್ಕೆ ಸಿಂಪಡಿಸುವುದು ಶೇ 1ರ ಬೋರ್ಡೋ ದ್ರಾವಣ, ಅಂದರೆ ಸುಣ್ಣ ಮತ್ತು ಮೈಲುತುತ್ತ (ತಾಮ್ರದ ಸಲ್ಫೇಟ್) ಬೆರೆಸಿದ ನೀರು. ಜೋಡಿ ಬಾಣದ ಸಂದೇಶವೊಂದರಲ್ಲಿ ಇವುಗಳ ಅಳತೆ ತಪ್ಪಾಗಿದ್ದು, ಅದನ್ನೇ ನಂಬಿ ಯಾರಾದರೂ ಬೆರೆಸಿದರೆ ಎಲೆಯೇ ಸುಟ್ಟುಹೋಗುತ್ತದೆ. ಔಷಧಿಯ ಪ್ರಮಾಣವನ್ನು ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯ ಸಲಹೆಯೊಂದಿಗೆ ಹೋಲಿಸಿ ನೋಡಿದ ಮೇಲೆಯೇ ಇಲ್ಲಿ ಹಾಕಿ.

ಭಿನ್ನಾಭಿಪ್ರಾಯವನ್ನು ಮಾತ್ರ ಎಂದಿಗೂ ಅಳಿಸುವುದಿಲ್ಲ. ರೊಬಸ್ಟಾ ಕಾಫಿ ತೋಟಕ್ಕೆ ಹೂಮಳೆಯ ನೀರು (ಹೂ ಅರಳಲೆಂದು ಹಾಯಿಸುವ ನೀರು) ಕೊಡುವ ಸಮಯದ ಬಗ್ಗೆ ಇಬ್ಬರು ಸದಸ್ಯರು ಮೂರು ದಿನ ನಡೆಸಿದ ವಾದದಿಂದ ನಾನು ಕಲಿತದ್ದು ಬಹಳ.

ಆಕ್ಷೇಪಣೆಯಿದ್ದವರು ಭಾನುವಾರದೊಳಗೆ ಇಲ್ಲಿಯೇ ಬರೆಯಬೇಕಾಗಿ ವಿನಂತಿ.