ಹಳೆ ಲಾರಿಗೆ ಹೊಸ ರೂಪ: ಗ್ಯಾಸ್ ಕಟರ್ ಹಿಡಿಯುವ ಮೊದಲು ಆರ್‌ಸಿ ಹಿಡಿಯಿರಿ

ಸಂಪಾದಕರಿಗೆ,

ಮಾನ್ಯರೇ,

ಬಾನೆಟ್ ಮುಂದಕ್ಕೆ ಚಾಚಿದ ಹಳೆಯ ಟಾಟಾ 1210, ಬೆಡ್‌ಫರ್ಡ್, ಡಾಡ್ಜ್, ವಿಲ್ಲಿಸ್ ಪಿಕಪ್‌ಗಳನ್ನು ಗುಜರಿಗೆ ಹೋಗದಂತೆ ಉಳಿಸಿ, ತಮ್ಮ ಮನಸ್ಸಿಗೆ ಒಪ್ಪುವ ರೂಪ ಕೊಡಬೇಕೆನ್ನುವವರು ನಮ್ಮ ನಡುವೆ ಇದ್ದಾರೆ. ಮೆಚ್ಚಬೇಕಾದ ಕೆಲಸ. ಆದರೆ ಇಂಥ ವಾಹನ ಕೆಡುವುದು ವರ್ಕ್‌ಶಾಪಿನಲ್ಲಿ ಅಲ್ಲ, ಎಲ್ಲ ಮುಗಿದ ಮೇಲೆ ಆರ್‌ಟಿಒ ಅಂಗಳದಲ್ಲಿ. ಚಾಸಿ (ಗಾಡಿಯ ಅಡಿಯ ಉಕ್ಕಿನ ಚೌಕಟ್ಟು) ಕತ್ತರಿಸಿ, ಎಂಜಿನ್ ಬದಲಿಸಿ, ಬಣ್ಣ ಹೊಡೆದು ತಂದ ಗಾಡಿಯನ್ನು ಬ್ರೇಕ್ ಇನ್‌ಸ್ಪೆಕ್ಟರ್ ವಾಪಸ್ ಕಳಿಸಿದಾಗ ಲಕ್ಷಗಟ್ಟಲೆ ಹಣ ಶೆಡ್ಡಿನಲ್ಲಿ ನಿಂತುಬಿಡುತ್ತದೆ. ಆ ನಷ್ಟ ತಪ್ಪಿಸಬಹುದು ಎಂದು ತಿಳಿಸಲು ಈ ಪತ್ರ.

ಮೊದಲ ತೀರ್ಮಾನ ಒಂದೇ: ಈ ಗಾಡಿ ವಿಂಟೇಜ್ ಆಗಬೇಕೋ, ಕಸ್ಟಮ್ ಆಗಬೇಕೋ? ಎರಡೂ ಒಟ್ಟಿಗೆ ಆಗುವುದಿಲ್ಲ. 2021ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಸೇರಿಸಿದ ವಿಂಟೇಜ್ ನಿಯಮಗಳು ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಸ್ವಂತ ಬಳಕೆಯ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳಿಗೆ ಮಾತ್ರ ಅನ್ವಯ. ಚಾಸಿ, ಬಾಡಿ ಶೆಲ್, ಎಂಜಿನ್ ಮೂಲರೂಪದಲ್ಲೇ ಇರಬೇಕು. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ. ‘ವಿಎ’ ಅಕ್ಷರವಿರುವ ನಂಬರು ಸಿಗುತ್ತದೆ, ಹತ್ತು ವರ್ಷ ಊರ್ಜಿತ. ಪ್ರದರ್ಶನ, ರ‍್ಯಾಲಿ, ಇಂಧನ, ದುರಸ್ತಿ ಇಂಥವಕ್ಕೆ ಮಾತ್ರ ರಸ್ತೆಗಿಳಿಸಬಹುದು, ದಿನನಿತ್ಯದ ಓಡಾಟಕ್ಕಲ್ಲ. ಸರಕು ವಾಹನವೆಂದು ನೋಂದಣಿಯಾಗಿರುವ ಲಾರಿ ಹಾಗಿರುವವರೆಗೆ ಈ ದಾರಿಯಲ್ಲಿ ಬರಲಾರದು. ಎಂಜಿನ್ ಬದಲಿಸಿದ ಪಿಕಪ್ಪಿಗೂ ಇಲ್ಲಿ ಜಾಗವಿಲ್ಲ.

ಉಳಿದದ್ದು ಕಸ್ಟಮ್ ದಾರಿ. ಅಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಕಾವಲು ನಿಂತಿದೆ. ತಯಾರಕರು ಮೊದಲು ನಮೂದಿಸಿದ ವಿವರಕ್ಕೂ ಆರ್‌ಸಿಯಲ್ಲಿನ, ಅಂದರೆ ನೋಂದಣಿ ಪತ್ರದಲ್ಲಿನ, ವಿವರಕ್ಕೂ ವ್ಯತ್ಯಾಸ ಬರುವಂತೆ ವಾಹನ ಬದಲಿಸಬಾರದು ಎಂಬುದು ಅದರ ತಿರುಳು. ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಬಿಗಿಯಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ, ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು ಇಲ್ಲವೇ ಎರಡನ್ನೂ ಮಾಲೀಕನ ಮೇಲೆ ಇರಿಸಿದೆ. ಗಮನಿಸಿ: ಪ್ರತಿಯೊಂದು ಮಾರ್ಪಾಡಿಗೆ. ಹಾಗೆಂದು ಏನೂ ಮಾಡುವಂತಿಲ್ಲ ಎಂದಲ್ಲ. ಕಾಯ್ದೆಯೇ ‘ಮಾರ್ಪಾಡು’ ಎಂದರೆ ಮೂಲ ಲಕ್ಷಣ ಬದಲಾಗುವಂಥ ರಚನೆಯ ಬದಲಾವಣೆ ಎಂದು ವಿವರಿಸಿದೆ. ನಮ್ಮ ಲಾರಿಗಳ ಮಟ್ಟಿಗೆ ಇದೊಂದು ದೊಡ್ಡ ಅನುಕೂಲ. ಆ ಕಾಲದ ಲಾರಿಗಳನ್ನು ಕಂಪನಿ ಹೆಚ್ಚಾಗಿ ಕೌಲ್ (ಬಾನೆಟ್ ಹಿಂದಿನ ಮುಂಗೋಡೆ) ಮತ್ತು ಚಾಸಿಯಾಗಿ ಮಾರುತ್ತಿತ್ತು. ಕ್ಯಾಬಿನ್ನು, ಹಿಂದಿನ ಮರದ ಬಾಡಿ ಕಟ್ಟುತ್ತಿದ್ದವರು ಊರಿನ ಬಾಡಿ ಬಿಲ್ಡರುಗಳು. ಕೈಚಳಕ ತೋರಿಸಲು ಜಾಗ ಇರುವುದು ಅಲ್ಲೇ. ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರ), ಆಕ್ಸಲ್, ಚಾಸಿಯ ಉದ್ದ, ಎಂಜಿನ್ ಮಾದರಿ ಮುಟ್ಟದೆ, ಆರ್‌ಸಿಯಲ್ಲಿ ಬರೆದ ಬಾಡಿ ಬಗೆಯೊಳಗೇ ಕೆಲಸ ಮಾಡುವುದು ಜಾಣತನ.

ಕೊಳ್ಳುವಾಗಲೇ ನೋಡಬೇಕಾದ್ದು ಚಾಸಿ ನಂಬರು. ತುಕ್ಕು ಕೆರೆದು ಕಾಗದ ಇಟ್ಟು ಪೆನ್ಸಿಲ್ ಪ್ರಿಂಟ್ ತೆಗೆದು ಆರ್‌ಸಿ ಜೊತೆ ಅಕ್ಷರಕ್ಕಕ್ಷರ ಹೋಲಿಸಿ. ಆ ಜಾಗಕ್ಕೆ ಗ್ರೈಂಡರ್, ಮರಳಿನ ಬ್ಲಾಸ್ಟಿಂಗ್ ಎರಡೂ ಬೇಡ. ಟೇಪು ಸುತ್ತಿ ಕಾಪಾಡಿ. ಅಳಿಸಿಹೋದ ನಂಬರನ್ನು ತಾವೇ ಪಂಚ್ ಮಾಡಿದರೆ ಅದು ಅಪರಾಧ. ಎಂಜಿನ್ ನಂಬರು ಹೊಂದದೇ ಇರುವುದು ಹಳೆ ಲಾರಿಗಳಲ್ಲಿ ಮಾಮೂಲು, ಎಂದೋ ಯಾರೋ ಬದಲಿಸಿ ದಾಖಲಿಸದೇ ಬಿಟ್ಟಿರುತ್ತಾರೆ. ಹಳೇ ಪುಸ್ತಕದ ಆರ್‌ಸಿ ಆಗಿದ್ದರೆ ಆರ್‌ಟಿಒಗಳ ವಾಹನ್ ತಂತ್ರಾಂಶದಲ್ಲಿ ದಾಖಲೆಯೇ ಇರದಿರಬಹುದು, ಮೊದಲು ಬ್ಯಾಕ್‌ಲಾಗ್ ಎಂಟ್ರಿ (ಹಳೆ ದಾಖಲೆಯನ್ನು ಕಂಪ್ಯೂಟರಿಗೆ ಸೇರಿಸುವುದು) ಮಾಡಿಸಿ. ನೋಂದಣಿ ರದ್ದಾಗಿದ್ದರೆ ಎಷ್ಟು ಅಗ್ಗಕ್ಕೆ ಕೊಟ್ಟರೂ ಬಿಟ್ಟುಬಿಡಿ. ಇನ್ನೊಂದು ಗಾಡಿಯ ಕಾಗದವನ್ನು ಈ ಚಾಸಿಗೆ ಜೋಡಿಸಿಕೊಡುತ್ತೇನೆ ಎನ್ನುವವನ ಹತ್ತಿರ ನಿಲ್ಲಲೂಬೇಡಿ.

ಚಾಸಿಯ ಉದ್ದದ ತೊಲೆಗಳು ಇಂಗ್ಲಿಷಿನ ‘ಸಿ’ ಆಕಾರದವು. ಬಾಗುವ ಒತ್ತಡ ಹೆಚ್ಚು ಬೀಳುವುದು ಮೇಲಿನ, ಕೆಳಗಿನ ಅಂಚುಗಳ ಮೇಲೆ. ಆದ್ದರಿಂದ ಆ ಅಂಚುಗಳಿಗೆ ತೂತು ಕೊರೆಯಬೇಡಿ, ಬ್ರಾಕೆಟ್ ವೆಲ್ಡ್ ಮಾಡಬೇಡಿ. ತೂತು ಬೇಕೇ ಬೇಕೆಂದರೆ ನಿಂತ ಗೋಡೆಯ ನಡುಭಾಗದಲ್ಲಿ ಕೊರೆಯಿರಿ. ಅಂಚಿನಲ್ಲಿ ಕೊರೆದ ತೂತಿನಿಂದ ಶುರುವಾದ ಬಿರುಕು ಲೋಡು ಹತ್ತಿದ ಮೇಲೆ ಓಡುತ್ತಲೇ ಇರುತ್ತದೆ. ರಿವೆಟ್ ಸುತ್ತ ಕೆಂಪು ತುಕ್ಕಿನ ಗೆರೆ ಇಳಿದಿದ್ದರೆ ಆ ರಿವೆಟ್ ಸಡಿಲವಾಗಿದೆ ಎಂದೇ ಅರ್ಥ. ಅದನ್ನು ಗ್ಯಾಸ್‌ನಿಂದ ಸುಡದೆ ಡ್ರಿಲ್ ಮಾಡಿ ತೆಗೆದು, ತೂತನ್ನು ರೀಮರ್‌ನಿಂದ (ತೂತು ನುಣುಪು ಮಾಡುವ ಉಪಕರಣ) ಸರಿಮಾಡಿ, ಬಿಗಿಯಾಗಿ ಕೂರುವ, ಹೆಚ್ಚು ಬಲದ 10.9 ದರ್ಜೆಯ ಬೋಲ್ಟ್ ಹಾಕಿ. ಅಲುಗಾಡುವ ಬೋಲ್ಟ್ ತೂತನ್ನು ಅಂಡಾಕಾರ ಮಾಡುತ್ತದೆ. ಸ್ಟೀರಿಂಗನ್ನು ಚಕ್ರಕ್ಕೆ ಜೋಡಿಸುವ ಡ್ರ್ಯಾಗ್ ಲಿಂಕ್, ಟೈ ರಾಡ್, ಸ್ಟೀರಿಂಗ್ ಆರ್ಮ್‌ಗಳನ್ನು ಕಾಯಿಸಿ ಬಗ್ಗಿಸುವುದು, ವೆಲ್ಡ್ ಮಾಡುವುದು ಖಂಡಿತ ಕೂಡದು. ಮುರಿದರೆ ಚಾಲಕನ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಎಂಜಿನ್ ವಿಷಯದಲ್ಲಿ ಆಸೆ ದೊಡ್ಡದು. ಟಾಟಾ 692 ಎಂಜಿನ್ ಆರು ಸಿಲಿಂಡರು, 92 ಮಿ.ಮೀ. ಬೋರು (ಸಿಲಿಂಡರಿನ ಒಳವ್ಯಾಸ), 4,788 ಸಿ.ಸಿ.; 697 ಅಂದರೆ 97 ಮಿ.ಮೀ. ಬೋರು, 5,675 ಸಿ.ಸಿ. ಒಂದೇ ಮನೆತನದವು ಎಂದು 692 ತೆಗೆದು 697 ಕೂರಿಸಿದರೆ ಆರ್‌ಸಿಯ ಸಿ.ಸಿ. ಬದಲಾಯಿತು, ಮಾದರಿಯೂ ಬದಲಾಯಿತು. ಅದೇ ಕಂಪನಿಯ ಅದೇ ಮಾದರಿಯ ಎಂಜಿನ್ನನ್ನೇ ಹುಡುಕಿ, ಕಳಚುವ ಮೊದಲೇ ಆರ್‌ಟಿಒ ಅನುಮತಿ ಪಡೆದು, ಅದು ಬಂದ ಗಾಡಿಯ ಕಾಗದ ಮತ್ತು ಜಿಎಸ್‌ಟಿ ಬಿಲ್ಲು ಜೋಪಾನವಾಗಿಡಿ. ಗೇರ್‌ಬಾಕ್ಸ್ ಸ್ಥಾನ ಸ್ವಲ್ಪ ಸರಿದರೂ ಹಿಂದಿನ ಆಕ್ಸಲ್ಲಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಎರಡೂ ತುದಿಯ ಕೋನ ಸಮ ಇರಬೇಕು, ತುದಿಯ ಕವಲುಗಳಾದ ಎರಡೂ ಯೋಕ್ ಒಂದೇ ನೇರಕ್ಕೆ ಬರಬೇಕು. ಇಲ್ಲದಿದ್ದರೆ ವೇಗ ಏರಿದಂತೆ ಗಾಡಿ ನಡುಗಿ ಶಾಫ್ಟಿನ ತುದಿಯ ಕ್ರಾಸ್ ಬೇರಿಂಗ್ ಹೋಗುತ್ತವೆ.

ಪವರ್ ಬೇಕೆಂದು ಎಂಜಿನ್ನಿಗೆ ಡೀಸೆಲ್ ಕಳಿಸುವ ಮೈಕೋ ಪಂಪಿನ ಸ್ಕ್ರೂ ತಿರುಗಿಸುವ ಚಾಳಿಯೂ ಬಿಡಬೇಕು. ಡೀಸೆಲ್ ಹೆಚ್ಚಾಗಿ ಕಪ್ಪುಹೊಗೆ ಬರುತ್ತದೆ, ಬಿಎಸ್-4ಕ್ಕಿಂತ ಹಿಂದಿನ ಡೀಸೆಲ್ ವಾಹನಕ್ಕಿರುವ 65 ಹಾರ್ಟ್‌ರಿಜ್ (ಹೊಗೆಯ ದಟ್ಟಣೆಯ ಅಳತೆ) ಮಿತಿ ದಾಟಿ ಹೊಗೆ ತಪಾಸಣೆಯಲ್ಲಿ ಫೇಲಾಗುತ್ತದೆ. ಮೊದಲು ಏರ್ ಫಿಲ್ಟರು, ಆಮೇಲೆ ಡೀಸೆಲ್ ಸಿಂಪಡಿಸುವ ನಾಝಲ್, ಕೊನೆಗೆ ಬೆಂಚಿನ ಮೇಲೆ ಪಂಪಿನ ಕ್ಯಾಲಿಬ್ರೇಷನ್. ನೀಲಿಹೊಗೆಯಾದರೆ ಪಂಪಿನ ತಪ್ಪಲ್ಲ, ಪಿಸ್ಟನ್ ರಿಂಗು, ಸಿಲಿಂಡರಿನ ಲೈನರು ನೋಡಿ.

ಬೆಳಕಿನ ಆಸೆಗೆ 100 ವಾಟಿನ ಬಲ್ಬು ಹಾಕುವವರು ಲೆಕ್ಕ ಮಾಡಲಿ: 12 ವೋಲ್ಟಿನಲ್ಲಿ 55 ವಾಟಿನ ಎರಡು ಬಲ್ಬು ಸುಮಾರು 9 ಆಂಪಿಯರ್ ಎಳೆದರೆ, 100 ವಾಟಿನ ಎರಡು ಸುಮಾರು 17 ಎಳೆಯುತ್ತವೆ. ಹಳೆ ಸ್ವಿಚ್ಚು ಕರಗುವುದು ಇದರಿಂದಲೇ. ಸರಿಯಾದ ವಾಟಿನ ಬಲ್ಬಿಗೇ ರಿಲೇ (ದೊಡ್ಡ ಕರೆಂಟನ್ನು ಸ್ವಿಚ್ಚಿನ ಬದಲು ತಾನೇ ಹೊರುವ ಸಾಧನ), 15 ಆಂಪಿಯರ್ ಫ್ಯೂಸು, 2.5 ಚದರ ಮಿ.ಮೀ. ವೈರು ಹಾಕಿದರೆ ಬೆಳಕು ತಾನಾಗಿ ಹೆಚ್ಚುತ್ತದೆ.

ಸಣ್ಣದೆಂದು ಕಡೆಗಣಿಸಿ ಸಿಕ್ಕಿಬೀಳುವ ವಿಷಯಗಳೂ ಇವೆ. ಸೇನೆಯ ಕಡುಹಸಿರು ಬಣ್ಣ ಹಳೆ ಡಾಡ್ಜ್, ಜೀಪುಗಳಿಗೆ ಎಷ್ಟೇ ಒಪ್ಪಿದರೂ ಕೇಂದ್ರ ಮೋಟಾರು ವಾಹನ ನಿಯಮಗಳ 121ನೇ ನಿಯಮದಂತೆ ಅದು ರಕ್ಷಣಾ ಇಲಾಖೆಗೆ ಮಾತ್ರ. ಬೇರೆ ಬಣ್ಣವಾದರೂ ಆರ್‌ಸಿಯಲ್ಲಿ ಬರೆಸಬೇಕು. ಮುಂಭಾಗಕ್ಕೆ ಹಾಕುವ ಕಬ್ಬಿಣದ ತಡೆ, ಬುಲ್ ಬಾರ್ ಅನ್ನು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ಕಾಯ್ದೆಯ ಉಲ್ಲಂಘನೆ ಎಂದಿದೆ. ಎಡಕ್ಕೆ ಹೊಗೆ ಬಿಡುವ ಸೈಡ್ ಪೈಪೂ ನಿಯಮಕ್ಕೆ ವಿರುದ್ಧ. ಟಯರಿನ ಗೀರಿನ ಆಳ 1.6 ಮಿ.ಮೀ.ಗಿಂತ ಕಡಿಮೆ ಇರಬಾರದು, ಒಂದೇ ಆಕ್ಸಲ್ಲಿಗೆ ರೇಡಿಯಲ್ ಮತ್ತು ನೈಲಾನ್ ಟಯರು ಬೆರೆಸಬಾರದು. ಟಯರನ್ನು ಬಿಗಿಹಿಡಿಯುವ ಕಬ್ಬಿಣದ ರಿಂಗ್ ಇರುವ ಹಳೆ ಡಿಸ್ಕಿನ ಚಕ್ರಕ್ಕೆ ಗಾಳಿ ತುಂಬುವಾಗ ಕಬ್ಬಿಣದ ಪಂಜರದೊಳಗೇ ಇಡಿ. ರಿಂಗ್ ಹಾರಿದರೆ ಜೀವ ಹೋಗುತ್ತದೆ. ಮರದ ಬಾಡಿಯ ಬದಲು ಕಬ್ಬಿಣದ್ದು ಕಟ್ಟಿದರೆ ಖಾಲಿ ತೂಕ ಏರುತ್ತದೆ, ವೇಬ್ರಿಡ್ಜ್ ಚೀಟಿ ಮಾಡಿಸಿ. ವಿಮಾ ಕಂಪನಿಗೂ ಲಿಖಿತವಾಗಿ ತಿಳಿಸಿ.

ಸಾರಿಗೆ ಇಲಾಖೆಯಲ್ಲಿ ನಮ್ಮದೊಂದು ಕಳಕಳಿಯ ಕೋರಿಕೆ. ಗಾಡಿ ಕಳಚುವ ಮೊದಲೇ ಮಾಲೀಕ ನಕ್ಷೆ, ಫೋಟೊ, ಆರ್‌ಸಿ ಪ್ರತಿ ತಂದು ಕೊಟ್ಟರೆ ಯಾವ ಬದಲಾವಣೆಗೆ ಒಪ್ಪಿಗೆ, ಯಾವುದಕ್ಕೆ ಇಲ್ಲ ಎಂದು ನಿಗದಿತ ದಿನಗಳೊಳಗೆ ಕನ್ನಡದಲ್ಲಿ ಬರೆದುಕೊಡುವ ವ್ಯವಸ್ಥೆ ಬರಲಿ. ಒಂದು ಊರಿನ ಇನ್‌ಸ್ಪೆಕ್ಟರ್ ಒಪ್ಪಿದ್ದನ್ನು ಇನ್ನೊಂದು ಊರಿನವರು ತಿರಸ್ಕರಿಸದಂತೆ ಎಲ್ಲ ಕಚೇರಿಗಳಿಗೂ ಒಂದೇ ಪಟ್ಟಿ ಇರಲಿ. ಬಾಡಿ ಬಿಲ್ಡರುಗಳು ಆ ಪಟ್ಟಿಯನ್ನು ತಮ್ಮ ಶೆಡ್ಡಿನ ಗೋಡೆಗೆ ಅಂಟಿಸಿಕೊಳ್ಳುವಷ್ಟು ಸರಳವಾಗಿರಲಿ.

ಹಳೆ ವಾಹನಗಳ ಕೆಲಸ ಬಲ್ಲ ಓದುಗರು,
ಹುಬ್ಬಳ್ಳಿ