ಎಲೆಕ್ಟ್ರಿಕ್ ಕಾರಿನ ಸಸ್ಪೆನ್ಷನ್ ಕೆಲಸದ ಬಗ್ಗೆ ದೂರು: ಹಾಕಿದ ಸ್ಪ್ರಿಂಗ್ ಯಾವುದು, ಮೊದಲು ಅದನ್ನು ಹೇಳಿ

ಇವರಿಗೆ,
ವ್ಯವಸ್ಥಾಪಕರು,
ಕಾರ್ ಸಸ್ಪೆನ್ಷನ್ ವರ್ಕ್‌ಶಾಪ್, ಪುಣೆ

ವಿಷಯ: ಎಲೆಕ್ಟ್ರಿಕ್ ಕಾರಿಗೆ ತಪ್ಪು ಸ್ಪ್ರಿಂಗ್ ಹಾಕಿರುವುದು, ಹಳೆಯ ಭಾಗಗಳನ್ನು ವಾಪಸ್ ಕೊಡದಿರುವುದು ಮತ್ತು ಹಣ ಮರಳಿಸುವ ಬಗ್ಗೆ.

ಮಾನ್ಯರೇ,

ನಿಮ್ಮಲ್ಲಿ ನನ್ನ ಎಲೆಕ್ಟ್ರಿಕ್ ಕಾರಿಗೆ ಮಾಡಿಸಿದ ಸಸ್ಪೆನ್ಷನ್ ಕೆಲಸ ಸರಿಯಾಗಿಲ್ಲ. ಫೋನ್ ಮಾಡಿ ಹೇಳಿಯಾಯಿತು, ಕಾರು ತಂದು ತೋರಿಸಿಯೂ ಆಯಿತು. ಪ್ರತಿ ಸಲವೂ "ಸ್ವಲ್ಪ ಓಡಿಸಿ, ಸೆಟ್ ಆಗುತ್ತೆ" ಅನ್ನುವ ಒಂದೇ ಉತ್ತರ. ಆದ್ದರಿಂದ ಈಗ ಬರೆದು ಕೊಡುತ್ತಿದ್ದೇನೆ. ನೀವು ಹುಬ್ಬಳ್ಳಿ ಕಡೆಯವರು, ನಮ್ಮ ಮಾತುಕತೆ ಮೊದಲಿಂದಲೂ ಕನ್ನಡದಲ್ಲೇ ನಡೆದಿದೆ. ನಿಮ್ಮ ಪಾರ್ಟ್‌ನರ್‌ಗೆ ಓದಲು ಅನುಕೂಲವಾಗಲಿ ಎಂದು ಮರಾಠಿಯಲ್ಲೂ ಒಂದು ಪ್ರತಿ ಜೊತೆಗಿಟ್ಟಿದ್ದೇನೆ.

ನಾನು ಕೇಳಿಕೊಂಡು ಬಂದದ್ದು ಏನು ಎಂಬುದು ನಿಮಗೆ ನೆನಪಿರಬೇಕು. ಹಿಂದಿನ ಸೀಟಿನಲ್ಲಿ ನಮ್ಮ ಅಮ್ಮ ಕೂರುತ್ತಾರೆ. ಎಪ್ಪತ್ತು ದಾಟಿದೆ, ಸೊಂಟದ ಡಿಸ್ಕ್ ತೊಂದರೆ ಇದೆ. ಊರು ಧಾರವಾಡ. ಹಬ್ಬ, ಮದುವೆ, ಮುಂಜಿ ಅಂತ ಹೋಗಿ ಬರುವುದು ಇದ್ದೇ ಇರುತ್ತದೆ. ಕಂಪನಿಯಿಂದ ಬಂದ ಸಸ್ಪೆನ್ಷನ್ ಸ್ವಲ್ಪ ಗಡಸು. ಸಣ್ಣ ಗುಂಡಿ, ಸೇತುವೆಯ ಜಾಯಿಂಟ್ ಸಿಕ್ಕರೂ ನೇರ ಬೆನ್ನಿಗೆ ಹೊಡೆಯುತ್ತಿತ್ತು. ಕಾರಿನ ಹಿಡಿತ ಕೆಡದ ಹಾಗೆ ಇದನ್ನು ಸ್ವಲ್ಪ ಹಿತ ಮಾಡಿಕೊಡಲು ಆಗುತ್ತದಾ ಎಂದು ಕೇಳಿದೆ. ನೀವು "ಧಾರಾಳವಾಗಿ" ಅಂದಿರಿ. ಕಂಫರ್ಟ್ ಕಿಟ್ ಎಂದು ನಾಲ್ಕು ಶಾಕ್ ಅಬ್ಸಾರ್ಬರ್, ನಾಲ್ಕು ಸ್ಪ್ರಿಂಗ್, ಕೀಲುಗಳಿಗೆ ಹಾಕುವ ಹೊಸ ರಬ್ಬರ್ ಬುಷ್‌ಗಳನ್ನು ತೋರಿಸಿದಿರಿ. ಇದು ಇವಿಗೆಂದೇ, ಅಂದರೆ ಎಲೆಕ್ಟ್ರಿಕ್ ಕಾರಿಗೆಂದೇ ಮಾಡಿದ್ದು ಎಂದೂ ಹೇಳಿದಿರಿ. ಆ ಮಾತಿನ ಮೇಲೆ 68,000 ರೂಪಾಯಿ ಕೊಟ್ಟಿದ್ದೇನೆ.

ಈಗ ಕಾರಿನ ಸ್ಥಿತಿ ಕೇಳಿ. ಖಾಲಿ ಕಾರನ್ನು ಒಬ್ಬರೇ ನಿಧಾನವಾಗಿ ಓಡಿಸಿದರೆ ಮೆತ್ತಗೆ ಅನ್ನಿಸುವುದು ನಿಜ. ನಿಮ್ಮ ಹುಡುಗರು ಟೆಸ್ಟ್ ಡ್ರೈವ್ ತೋರಿಸಿದ್ದೂ ಹಾಗೇ. ಆದರೆ ಹಿಂದೆ ಇಬ್ಬರು ಕೂತು, ಡಿಕ್ಕಿಯಲ್ಲಿ ಎರಡು ಸೂಟ್‌ಕೇಸ್ ಇಟ್ಟರೆ ಸಾಕು, ಸ್ಪೀಡ್ ಬ್ರೇಕರ್ ದಾಟುವಾಗ ಹಿಂಭಾಗ ಧಡ್ ಎಂದು ಕುಕ್ಕುತ್ತದೆ. ಸ್ಪ್ರಿಂಗ್ ಪೂರ್ತಿ ಒತ್ತಿಹೋಗಿ, ಕೊನೆಯಲ್ಲಿ ತಡೆಯಲು ಇಟ್ಟ ರಬ್ಬರ್ ತುಂಡಾದ ಬಂಪ್ ಸ್ಟಾಪ್‌ಗೆ ತಾಗುವ ಸದ್ದು ಅದು. ದಾಟಿದ ಮೇಲೂ ಕಾರು ಒಂದೇ ಸಲಕ್ಕೆ ನಿಲ್ಲುವುದಿಲ್ಲ, ಎರಡು ಮೂರು ಸಲ ಮೇಲೆ ಕೆಳಗೆ ಆಡುತ್ತದೆ. ಖಂಬಾಟ್ಕಿ ಘಾಟಿನ ತಿರುವುಗಳಲ್ಲಿ ದೋಣಿಯ ಹಾಗೆ ತೂಗುತ್ತದೆ. ಆಕ್ಸಲರೇಟರ್ ಬಿಟ್ಟು ರೀಜನ್ (ಮೋಟಾರೇ ಬ್ರೇಕ್ ಹಾಗೆ ಹಿಡಿದು ಬ್ಯಾಟರಿ ತುಂಬುವುದು) ಹಿಡಿದಾಗ ಮೂತಿ ತಗ್ಗಿ ಮತ್ತೆ ಏಳುತ್ತದೆ. ಅಮ್ಮನಿಗೆ ಮೊದಲು ಬರೀ ಬೆನ್ನುನೋವಿತ್ತು. ಈಗ ಬೆನ್ನುನೋವಿನ ಜೊತೆ ವಾಂತಿ ಬರುವ ಹಾಗೂ ಆಗುತ್ತದೆ. ಸಾತಾರಾ ತಲುಪುವಷ್ಟರಲ್ಲಿ ಇಳಿಸು ಅನ್ನುತ್ತಾರೆ. ಸ್ಟೇರಿಂಗ್ ಎಡಕ್ಕೆ ಎಳೆಯುತ್ತಿದೆ, ಮುಂದಿನ ಟೈರುಗಳ ಒಳ ಅಂಚು ಆಗಲೇ ಸವೆದಿದೆ. ಇಂಜಿನ್ ಸದ್ದು ಇಲ್ಲದ ಕಾರಲ್ಲವೇ, ಮುಂದಿನ ಎಡ ಚಕ್ರದ ಕಟಕಟ ಒಳಗೆ ಕೂತವರಿಗೆಲ್ಲ ಕೇಳುತ್ತದೆ.

ನೀವು ಇದಕ್ಕೆ ರಸ್ತೆಯನ್ನು ದೂರಿದಿರಿ. ಪುಣೆಯ ಸ್ಪೀಡ್ ಬ್ರೇಕರ್‌ಗಳ ಬಗ್ಗೆ ನನಗೂ ಗೊತ್ತಿದೆ. ರಸ್ತೆಗಳ ಮಾನದಂಡ ಬರೆಯುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರುತ್ತದೆ, 25 ಕಿಲೋಮೀಟರ್ ವೇಗದಲ್ಲಿ ದಾಟುವಂಥದ್ದು. ಅಂಥವು ನಮ್ಮ ಒಳರಸ್ತೆಗಳಲ್ಲಿ ಅಪರೂಪ, ಒಪ್ಪುತ್ತೇನೆ. ಆದರೆ ಅಗಲವಾಗಿ, ನಯವಾಗಿ ಕಟ್ಟಿದ ಹಂಪ್ ಮೇಲೆ ಅದಕ್ಕಿಂತ ನಿಧಾನಕ್ಕೆ ಹೋದರೂ ಕುಕ್ಕುತ್ತದೆ. ಅದೇ ರಸ್ತೆ, ಅದೇ ಹಂಪ್. ಹಳೆಯ ಸ್ಪ್ರಿಂಗ್ ಇದ್ದಾಗ ಗಡಸಾಗಿತ್ತು, ಒಂದು ಸಲವೂ ಕುಕ್ಕಿರಲಿಲ್ಲ. ಟೈರಿನ ಗಾಳಿ ನೋಡಿದಿರಾ ಎಂದೂ ಕೇಳಿದಿರಿ. ನೋಡಿದ್ದೇನೆ. ಬಾಗಿಲ ಪಕ್ಕದ ಸ್ಟಿಕರ್‌ನಲ್ಲಿ ಬರೆದಿರುವಷ್ಟೇ ಇದೆ.

ನಿಮ್ಮಿಂದ ಉತ್ತರ ಸಿಗದೇ ಇದ್ದಾಗ ಕಾರನ್ನು ಬೇರೆ ಕಡೆ ಲಿಫ್ಟ್‌ಗೆ ಹಾಕಿಸಿದೆ. ಕೆಳಗೆ ನಿಂತು ನಾನೇ ಕಣ್ಣಾರೆ ನೋಡಿದೆ. ಹಿಂದಿನ ಸ್ಪ್ರಿಂಗಿನ ಸುರುಳಿಗೆ ಅಂಟಿಸಿದ್ದ ಚೀಟಿ ಅರ್ಧ ಕಿತ್ತುಹೋಗಿತ್ತು. ಪಕ್ಕದಲ್ಲಿ ಹಸಿರು ಬಣ್ಣದ ಒಂದೇ ಪಟ್ಟಿ. ಚೀಟಿಯಲ್ಲಿ ಉಳಿದ ಅಂಕಿಗಳನ್ನೂ ಪಟ್ಟಿಯನ್ನೂ ಫೋಟೋ ತೆಗೆದು ಕಂಪನಿಯ ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ತೋರಿಸಿದೆ. ಅವರು ಬಿಡಿಭಾಗಗಳ ಪಟ್ಟಿ ತೆರೆದು ನೋಡಿ ಹೇಳಿದರು: ಇದು ಇದೇ ಮಾಡೆಲ್‌ನ ಪೆಟ್ರೋಲ್ ಗಾಡಿಯ ಸ್ಪ್ರಿಂಗ್.

ಇದು ಸಣ್ಣ ವಿಷಯವಲ್ಲ. ನನ್ನ ಕಾರಿನ ಆರ್‌ಸಿಯಲ್ಲಿರುವ ಖಾಲಿ ತೂಕಕ್ಕೂ ಪೆಟ್ರೋಲ್ ಗಾಡಿಯ ತೂಕಕ್ಕೂ ಸುಮಾರು 200 ಕಿಲೋ ವ್ಯತ್ಯಾಸ ಇದೆ. ಅಷ್ಟು ಭಾರ ಬರುವುದು ನೆಲದಡಿಯ ಬ್ಯಾಟರಿಯಿಂದ. ಭಾರ ಹೊರುವುದು ಸ್ಪ್ರಿಂಗ್, ಅದರ ಕುಣಿತ ನಿಲ್ಲಿಸುವುದು ಶಾಕ್ ಅಬ್ಸಾರ್ಬರ್. ಇದನ್ನು ನಾನು ನಿಮಗೆ ಹೇಳಿಕೊಡಬೇಕಾಗಿಲ್ಲ. ಹಗುರ ಗಾಡಿಯ ಸ್ಪ್ರಿಂಗ್ ಮೇಲೆ ಭಾರದ ಗಾಡಿ ಕೂರಿಸಿದರೆ ನಿಂತಲ್ಲೇ ಅದು ಅರ್ಧ ಒತ್ತಿಹೋಗಿರುತ್ತದೆ. ಗುಂಡಿ ಸಿಕ್ಕಾಗ ಕೆಳಗಿಳಿಯಲು ಜಾಗವೇ ಉಳಿಯುವುದಿಲ್ಲ. ನೆಲದಿಂದ ಎತ್ತರವೂ ಕಮ್ಮಿಯಾಗುತ್ತದೆ, ಕೆಳಗಿರುವುದು ಬ್ಯಾಟರಿ. ಹಿತವಾದ ಸವಾರಿ ಅಂದರೆ ಬರೀ ಮೆತ್ತಗಿನ ಸ್ಪ್ರಿಂಗ್ ಅಂತ ತಿಳಿದವರು ಮಾಡುವ ಕೆಲಸ ಇದು. ಕಾರಿನ ಮೈ ಸೆಕೆಂಡಿಗೆ ಒಂದು, ಒಂದೂವರೆ ಸಲದ ಲೆಕ್ಕದಲ್ಲಿ ನಿಧಾನ ಎದ್ದು ಬಿದ್ದು ಬೇಗ ಶಾಂತವಾದರೆ ಕೂತವರಿಗೆ ಹಿತ. ಸೆಕೆಂಡಿಗೆ 4ರಿಂದ 8 ಸಲದ ಅದುರು ಬಂದರೆ ಕೂತವರ ಬೆನ್ನಿಗೆ ಅದೇ ಎಲ್ಲಕ್ಕಿಂತ ಜಾಸ್ತಿ ತ್ರಾಸು. ಬೇಕಾಗಿದ್ದದ್ದು ಈ ಕಾರಿನ ತೂಕಕ್ಕೆ ಸರಿಹೊಂದುವ ಸ್ಪ್ರಿಂಗ್, ಆ ಸ್ಪ್ರಿಂಗಿಗೆ ಸರಿಹೊಂದುವ ಶಾಕ್ ಅಬ್ಸಾರ್ಬರ್. ನೀವು ಹೇಳಿದ್ದೂ ಅದನ್ನೇ, ಹಾಕಿದ್ದು ಮಾತ್ರ ಬೇರೆ.

ಕಟಕಟ ಸದ್ದಿನ ಕಾರಣವೂ ಲಿಫ್ಟ್ ಮೇಲೆ ಸಿಕ್ಕಿತು. ಮುಂದಿನ ಎಡಗಡೆ ಚಕ್ರವನ್ನು ಹಿಡಿದಿಡುವ ಕೆಳಗಿನ ಆರ್ಮ್‌ನ ಹೊಸ ಬುಷ್‌ನಲ್ಲಿ ರಬ್ಬರ್ ತಿರುಚಿಕೊಂಡು ಒಂದು ಕಡೆ ಬಿರುಕು ಬಿಟ್ಟಿದೆ. ಬೆರಳಿಟ್ಟರೆ ಉಗುರು ಒಳಗೆ ಹೋಗುತ್ತದೆ. ಚಕ್ರ ಗಾಳಿಯಲ್ಲಿ ಜೋತಾಡುತ್ತಿದ್ದಾಗಲೇ ಬೋಲ್ಟ್ ಬಿಗಿದರೆ ಹೀಗಾಗುತ್ತದೆ. ಕಾರಿನ ಭಾರ ಚಕ್ರದ ಮೇಲೆ ಇರುವಾಗ, ಬಿಗಿತ ಅಳೆಯುವ ಟಾರ್ಕ್ ರೆಂಚ್ ಹಿಡಿದು ಕೊನೆಯ ಬಿಗಿತ ಕೊಡಬೇಕು. ಇಲ್ಲದಿದ್ದರೆ ಕಾರು ನೆಲಕ್ಕಿಳಿದ ಕ್ಷಣದಿಂದ ರಬ್ಬರ್ ತಿರುಚಿಕೊಂಡೇ ಇರುತ್ತದೆ. ಕಲಿತ ಮೆಕ್ಯಾನಿಕ್ ಯಾರೇ ಆದರೂ ಇದನ್ನು ಬಿಡುವುದಿಲ್ಲ. ವೀಲ್ ಅಲೈನ್‌ಮೆಂಟ್ ಮಾಡಿದ್ದೇವೆ ಎಂದು ಬಿಲ್‌ನಲ್ಲಿ ಬರೆದಿದ್ದೀರಿ. ರಿಪೋರ್ಟ್ ಕೇಳಿದರೆ ಪ್ರಿಂಟರ್ ಕೆಟ್ಟಿದೆ ಅಂದಿರಿ. ಬೇರೆ ಕಡೆ ಅಳೆಸಿದ ಪ್ರತಿ ಇದರ ಜೊತೆ ಇದೆ, ಮುಂದಿನ ಎರಡೂ ಚಕ್ರ ಕೆಂಪು ಗುರುತಿನಲ್ಲಿವೆ, ಅಂದರೆ ಅಳತೆ ತಪ್ಪಿವೆ.

ಇನ್ನೊಂದು ವಿಷಯವೇ ನನಗೆ ಎಲ್ಲಕ್ಕಿಂತ ಭಯ ಹುಟ್ಟಿಸಿದೆ. ಬ್ಯಾಟರಿ ಪೆಟ್ಟಿಗೆಯ ಅಂಚಿನ ಮೇಲೆ ಜ್ಯಾಕ್ ಊರಿದ ದುಂಡನೆಯ ಗುರುತು ಇದೆ, ಬಣ್ಣ ಎದ್ದು ಲೋಹ ಸ್ವಲ್ಪ ಒಳಗೆ ಹೋಗಿದೆ. ಕಾರನ್ನು ಎತ್ತುವ ಜಾಗ ಯಾವುದು ಎಂದು ಕೈಪಿಡಿಯಲ್ಲಿ ಚಿತ್ರ ಹಾಕಿ ತೋರಿಸಿದ್ದಾರೆ. ಬ್ಯಾಟರಿಯ ಮೇಲೆ ಜ್ಯಾಕ್ ಇಡಬೇಡಿ ಎಂದೂ ಬರೆದಿದ್ದಾರೆ. ಇವಿ ಕೆಲಸ ಮಾಡುತ್ತೇವೆ ಎಂದು ಬೋರ್ಡ್ ಹಾಕಿದವರು ಅದನ್ನಾದರೂ ಓದಬೇಕಲ್ವಾ? ನಾಳೆ ಬ್ಯಾಟರಿಗೆ ಏನಾದರೂ ಆದರೆ ಈ ಗುರುತು ತೋರಿಸಿ ಕಂಪನಿ ವಾರಂಟಿ ಇಲ್ಲ ಎನ್ನಬಹುದು. ಆ ಖರ್ಚು ಸಾವಿರಗಳಲ್ಲಿ ಮುಗಿಯುವಂಥದ್ದಲ್ಲ.

ಇಷ್ಟೆಲ್ಲ ಆದ ಮೇಲೂ ನೀವು "ಹೌದು, ಬೇರೆ ಸ್ಪ್ರಿಂಗ್ ಹೋಗಿದೆ, ತನ್ನಿ ಬದಲಾಯಿಸೋಣ" ಅಂದಿದ್ದರೆ ಈ ಪತ್ರದ ಅಗತ್ಯವೇ ಇರುತ್ತಿರಲಿಲ್ಲ. ನಿಮ್ಮ ಕೌಂಟರಿನಲ್ಲಿ ನನ್ನ ಪಕ್ಕ ಅಮ್ಮ ಕೋಲು ಹಿಡಿದು ನಿಂತಿದ್ದರು. ನಿಮ್ಮ ಮೇಲ್ವಿಚಾರಕರು ಅವರ ಎದುರಿಗೇ "ವಯಸ್ಸಾದವರಿಗೆ ಯಾವ ಗಾಡಿಯಾದರೂ ಅಷ್ಟೇ ಅಜ್ಜಿ" ಅಂದರು. ಅಮ್ಮ ಏನೂ ಮಾತಾಡಲಿಲ್ಲ. ನನಗೆ ಆ ಮಾತು ಇವತ್ತಿಗೂ ನುಂಗಲು ಆಗಿಲ್ಲ. ಅವರು ಅಮ್ಮನ ಕ್ಷಮೆ ಕೇಳಬೇಕು.

ಬಿಲ್‌ನಲ್ಲಿ ಕಂಫರ್ಟ್ ಕಿಟ್ ಎಂಬ ಒಂದೇ ಸಾಲು ಇದೆ. ಪಾರ್ಟ್ ನಂಬರ್ ಇಲ್ಲ, ತಯಾರಕರ ಹೆಸರಿಲ್ಲ. ನನ್ನ ಹಳೆಯ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್‌ಗಳನ್ನು ಕೇಳಿದರೆ "ಗುಜರಿಗೆ ಹೋಯಿತು" ಎನ್ನುತ್ತೀರಿ. ಅವು ಚೆನ್ನಾಗಿದ್ದವು, ನನ್ನ ಸ್ವತ್ತು. ಗುಜರಿಗೆ ಕೊಡಿ ಎಂದು ನಾನು ಹೇಳಿಯೇ ಇರಲಿಲ್ಲ.

ನನಗೆ ಬೇಕಾಗಿರುವುದು ಇಷ್ಟು. ಹಾಕಿದ ಪ್ರತಿಯೊಂದು ಭಾಗದ ನಂಬರ್ ಬರೆದು, ಸಹಿ ಮಾಡಿದ ಬಿಲ್ ಕೊಡಿ. ನನ್ನ ಹಳೆಯ ಭಾಗಗಳು ಇದ್ದರೆ ಅವನ್ನೇ, ಇಲ್ಲದಿದ್ದರೆ ಈ ಇವಿಗೆ ಕಂಪನಿ ಕೊಡುವ ಹೊಸ ಭಾಗಗಳನ್ನು ನಿಮ್ಮ ಖರ್ಚಿನಲ್ಲಿ ಹಾಕಿಸಿ. ಆ ಕೆಲಸ ಮಾತ್ರ ನಿಮ್ಮ ವರ್ಕ್‌ಶಾಪಿನಲ್ಲಿ ಬೇಡ, ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ಆಗಲಿ. ಅಲ್ಲೇ ಅಲೈನ್‌ಮೆಂಟ್ ಮಾಡಿಸಿ, ಬ್ಯಾಟರಿ ಪೆಟ್ಟಿಗೆಯನ್ನು ಪರೀಕ್ಷೆ ಮಾಡಿಸಿ, ಲಿಖಿತ ವರದಿ ಕೊಡಿಸಿ. ಸವೆದ ಎರಡು ಟೈರಿನ ಬೆಲೆ ಹಾಗೂ ನಾನು ಕಟ್ಟಿದ 68,000 ರೂಪಾಯಿ ಮರಳಿಸಿ. ಬೇರೊಂದು ಕಿಟ್ ಹಾಕಿ ಕೊಡುತ್ತೇವೆ ಎಂಬ ಮಾತು ಇನ್ನು ಬೇಡ.

ಈ ಪತ್ರ ತಲುಪಿದ 15 ದಿನದೊಳಗೆ ಬರಹದಲ್ಲಿ ಉತ್ತರ ಬರಲಿ. ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸಿ, ಪುಣೆಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಗ್ರಾಹಕರಿಗೆ ತಿಳಿಸಬೇಕಾದ ವಿಷಯವನ್ನು ಬೇಕೆಂದೇ ಮುಚ್ಚಿಡುವುದೂ ಸೇವೆಯ ಕೊರತೆಯೇ. ದೂರು ಕೊಡಲು ಎರಡು ವರ್ಷದ ಅವಧಿ ಇದೆ, ನನ್ನ ಹತ್ತಿರ ಫೋಟೋ, ಬಿಲ್, ಅಲೈನ್‌ಮೆಂಟ್ ಪ್ರತಿ, ಸರ್ವಿಸ್ ಸೆಂಟರಿನವರ ಟಿಪ್ಪಣಿ ಎಲ್ಲವೂ ಇವೆ. ಅಷ್ಟು ದೂರ ಹೋಗಲು ನನಗೆ ಇಷ್ಟವಿಲ್ಲ. ನಮ್ಮವರು ಎಂಬ ನಂಬಿಕೆಯಿಂದ ಕೊಥ್ರೂಡಿನಿಂದ ಇಷ್ಟು ದೂರ ನಿಮ್ಮಲ್ಲಿಗೆ ಬಂದದ್ದು ನಾನು.

ಕಾರು ಸದ್ಯ ನಮ್ಮ ಸೊಸೈಟಿಯ ಪಾರ್ಕಿಂಗ್‌ನಲ್ಲೇ ಇದೆ, ಅಮ್ಮನನ್ನು ಅದರಲ್ಲಿ ಕೂರಿಸುತ್ತಿಲ್ಲ. ದಸರೆಗೆ ಧಾರವಾಡಕ್ಕೆ ಹೋಗಬೇಕು, ಅದಕ್ಕೆ ಮೊದಲು ಕೆಲಸ ಮುಗಿಯಬೇಕು. ಪರೀಕ್ಷೆಗೆ ನಿಮ್ಮವರನ್ನು ಕಳಿಸುವುದಾದರೆ ಹಿಂದಿನ ದಿನ ಫೋನ್ ಮಾಡಿ ತಿಳಿಸಿ, ನಾನು ಮನೆಯಲ್ಲಿರುತ್ತೇನೆ.

ಇತಿ,
ನಿಮ್ಮ ಗ್ರಾಹಕ,
ಕೊಥ್ರೂಡ್, ಪುಣೆ

ಜೊತೆಗೆ: ಬಿಲ್ ಪ್ರತಿ, ಸ್ಪ್ರಿಂಗ್, ಬುಷ್ ಹಾಗೂ ಬ್ಯಾಟರಿ ಪೆಟ್ಟಿಗೆಯ ಫೋಟೋಗಳು, ಅಲೈನ್‌ಮೆಂಟ್ ವರದಿ, ಸರ್ವಿಸ್ ಸೆಂಟರಿನ ಟಿಪ್ಪಣಿ, ಪತ್ರದ ಮರಾಠಿ ಪ್ರತಿ.